ಏಕವಚನದ ಅಪ್ಪಣೆ

ಸ್ವಂತ ಅಡುಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಸೌಟು ಹಿಡಿದು ನಿಂತಿರುವಾಗ, ಊಟಕ್ಕೆ ಕೂತ ಅತಿಥಿಯೇ "ಹೊರಗೆ ಹೋಗು" ಅಂದರೆ ಯಾವ ಹೆಂಗಸಿಗೆ ಮೈ ಉರಿಯುವುದಿಲ್ಲ ಹೇಳಿ. ಹೋಗಿ ಅಂತಲೂ ಅಲ್ಲ, ಹೋಗು. ಏಕವಚನ. ಆ ಭಾನುವಾರ ಮಧ್ಯಾಹ್ನ ಡ್ರಿಲ್ ಮೇಡಂ ಅವರ ಸಿಟ್ಟು ಅಂಗಾಲಲ್ಲಿ ಹುಟ್ಟಿ ನೆತ್ತಿ ಮುಟ್ಟುವುದಕ್ಕೆ ಅರೆಗಳಿಗೆಯೂ ಹಿಡಿಯಲಿಲ್ಲ.

ಮೇಡಂ ಹುಡುಗಿಯರ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಡ್ರಿಲ್ ಮಾಡಿಸುವವರು. ನಾನೂರು ಹುಡುಗಿಯರು ಅವರ ಒಂದು ಸೀಟಿಗೆ ಬಲಕ್ಕೆ ತಿರುಗುತ್ತಾರೆ. ಮನೆಯಲ್ಲಿ ಸೀಟಿಯೂ ಬೇಕಿಲ್ಲ. ಗಂಡ ಟೈಲ್ಸ್ ಕಾರ್ಖಾನೆಯಲ್ಲಿ ಫೋರ್‌ಮನ್. ಅಲ್ಲಿ ಅರವತ್ತು ಜನರ ಮೇಲೆ ಕೂಗಾಡಿ, ಹೊಸಿಲು ದಾಟಿದ ಕೂಡಲೇ ಚಪ್ಪಲಿಯ ಜೊತೆ ದನಿಯನ್ನೂ ಹೊರಗೇ ಬಿಟ್ಟು ಬರುವ ಸಾಧು ಪ್ರಾಣಿ.

ಅಂಥವರು ಒಂದು ದಿನ ಹೆಂಡತಿಯನ್ನು ಕೇಳದೆ ಒಂದು ಮಾತು ಕೊಟ್ಟುಬಂದರು. (ಅವರ ಸಂಸಾರದ ಚರಿತ್ರೆಯಲ್ಲಿ ಇದು ಮೊದಲನೆಯದು, ಕೊನೆಯದೂ ಹೌದು.) ಕಾರ್ಖಾನೆಗೆ ಸ್ಪೇನ್ ದೇಶದಿಂದ ಹೊಸ ಭಟ್ಟಿ ಬಂದಿತ್ತು. ಅದನ್ನು ಜೋಡಿಸಿ ಉರಿಸಿಕೊಡಲು ಅಲ್ಲಿಂದಲೇ ಒಬ್ಬ ಮೆಕ್ಯಾನಿಕ್ ಬರುವವನಿದ್ದ. ಅವನಿಗೆ ಮೂರು ವಾರದ ಮಟ್ಟಿಗೆ ನಮ್ಮ ಮಹಡಿಯ ರೂಮು, ನಮ್ಮ ಮನೆಯದೇ ಊಟ ಅಂತ ಫೋರ್‌ಮನ್ ಮ್ಯಾನೇಜರ್ ಎದುರು ಒಪ್ಪಿಬಿಟ್ಟಿದ್ದರು.

ಮೇಡಂ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಲೈಬ್ರರಿಯಿಂದ ಸ್ಪ್ಯಾನಿಷ್ ಕಲಿಸುವ ಪುಸ್ತಕ ತಂದು, ನಮಸ್ಕಾರ, ಕ್ಷೇಮವೇ ಎಂಬ ಪಾಠಗಳನ್ನೆಲ್ಲ ಹಾರಿಸಿ, ನೇರವಾಗಿ ಅಪ್ಪಣೆ ಕೊಡುವ ಪಾಠಕ್ಕೆ ಕೈ ಹಾಕಿದರು. ಮನೆ ನಡೆಸುವವಳಿಗೆ ಉಳಿದದ್ದೆಲ್ಲ ಯಾಕೆ? 'ಮಾಡಬೇಡ' ಎನ್ನುವ ಅಪ್ಪಣೆಗಳಿಗೆ ಬೇರೊಂದು ಪಾಠವಿತ್ತು, ಅದನ್ನೂ ಬಿಟ್ಟರು. ಬೇಡ ಅನ್ನುವುದಕ್ಕೆ ಅವರ ಕಣ್ಣೇ ಸಾಕು. 'ನೀವು' ಎನ್ನುವ ರೂಪಗಳು ಉದ್ದ, 'ನೀನು' ಎನ್ನುವವು ಗುಂಡು ಹೊಡೆದ ಹಾಗೆ ಒಂದೇ ಉಸಿರಿನವು ಅಂತ ಏಕವಚನವನ್ನಷ್ಟೇ ಬಾಯಿಪಾಠ ಮಾಡಿದರು. ವೆನ್ ಅಂದರೆ ಬಾ. ಪೋನ್ ಅಂದರೆ ಇಡು. ತೆನ್ ಅಂದರೆ ತಗೋ. ಸಾಲ್ ಅಂದರೆ ಹೊರಗೆ ಹೋಗು.

ಮೆಕ್ಯಾನಿಕ್ ಬಂದ. ಐವತ್ತು ದಾಟಿದ, ಬೋಳುತಲೆಯ, ಮೀಸೆಯ ಮನುಷ್ಯ. ಮೇಡಂ ವೆನ್ ಅಂದರೆ ಬಂದ, ಪೋನ್ ಅಂದಲ್ಲಿ ಬೂಟು ಇಟ್ಟ. ನಾಲ್ಕು ದಿನ ಎಲ್ಲ ಸರಿಯಾಗೇ ನಡೆಯಿತು. ಊಟದ ಹೊತ್ತಿಗೆ ಮಾತ್ರ ಅವನ ಮುಖ ದಿನದಿಂದ ದಿನಕ್ಕೆ ಸಪ್ಪಗಾಗುತ್ತಿತ್ತು. ಪಾಪ, ಮನೆ ನೆನಪಾಗುತ್ತಿರಬೇಕು ಅಂದುಕೊಂಡು ಮೇಡಂ ಇನ್ನೊಂದು ಸೌಟು ಹೆಚ್ಚಿಗೇ ಬಡಿಸಿದರು.

ಭಾನುವಾರ ಅವನು ಎರಡು ತುತ್ತು ಬದನೆಕಾಯಿ ತಿಂದು ಚಮಚ ಕೆಳಗಿಟ್ಟ. ಏನೋ ಉದ್ದಕ್ಕೆ ಹೇಳಿದ. ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಅಕ್ಷರ ಕಲಿಯುವ ಮಗುವಿಗೆ ಹೇಳುವವನ ಹಾಗೆ, ಮೇಡಂ ಮುಖ ನೋಡಿ, ಅಡುಗೆಮನೆಯ ಕಡೆ ಕೈ ತೋರಿಸಿ, ಒಂದೇ ಮಾತು ಆಡಿದ.

"ಸಾಲ್."

ಮೇಡಂಗೆ ಮೊದಲು ಕಿವಿಯನ್ನೇ ನಂಬಲಾಗಲಿಲ್ಲ. ಆಮೇಲೆ ಬೀದಿಬಾಗಿಲ ಕಡೆ ಸೌಟು ಚಾಚಿ, ಮೈದಾನದ ದನಿಯಲ್ಲಿ, "ಸಾಲ್" ಅಂದರು.

ಅವನ ಮುಖ ಅರಳಿತು. "ಸೀ, ಸೀ, ಸಾಲ್," ಅಂತ ತಟ್ಟೆ ಮುಂದೆ ಹಿಡಿದ.

ಸೀ ಅಂದರೆ ಹೌದು ಅಂತ ಮೇಡಂಗೆ ಗೊತ್ತಿತ್ತು. ನೀನು ಹೊರಗೆ ಹೋಗು ಅಂದರೆ ಹೌದು ಹೌದು, ನೀನೇ ಹೋಗು ಅನ್ನುತ್ತಾನಲ್ಲ ಈ ಭಂಡ! ಮತ್ತೆ ಸಾಲ್ ಅಂದರು. ಅವನೂ ತಲೆಯಾಡಿಸಿ ಸಾಲ್ ಅಂದ. ಹೀಗೆ ನಾಲ್ಕು ಸುತ್ತು ನಡೆಯುವಷ್ಟರಲ್ಲಿ, ಮೂಲೆಯಲ್ಲಿ ಊಟ ಮಾಡುತ್ತಿದ್ದ ಅತ್ತೆ ತಲೆಯೆತ್ತಿ, ಬಂದು ವಾರವಾಗಿಲ್ಲ, ಆಗಲೇ ಸಾಲ ಕೇಳುತ್ತಾನಲ್ಲ, ಒಂದು ಬಿಡಿಕಾಸೂ ಕೊಡಬೇಡ ಅಂತ ಮಗನಿಗೆ ಎಚ್ಚರಿಕೆ ಹೇಳಿದರು.

ಮೇಡಂ ದಡದಡನೆ ಮಹಡಿ ಹತ್ತಿದರು. ಅವನ ಅಂಗಿ, ಬೂಟು, ಸ್ಪ್ಯಾನರ್ ಎಲ್ಲ ಸೂಟ್‌ಕೇಸಿಗೆ ತುರುಕಿ, ಮೆಟ್ಟಿಲ ಮೇಲೆ ಧಡ್ ಧಡ್ ಅನ್ನಿಸುತ್ತ ಎಳೆತಂದು ಬೀದಿಗೆ ಇಟ್ಟರು. ಎದುರುಮನೆಯ ಕಿಟಕಿ ತೆರೆಯಿತು. ಫೋರ್‌ಮನ್ ಹಿಂದೆ ಮುಂದೆ ಓಡಾಡುತ್ತ, ನಾಳೆ ಭಟ್ಟಿಗೆ ಬೆಂಕಿ ಹಾಕಬೇಕು, ಇವನು ಹೋದರೆ ನನ್ನ ಕೆಲಸವೂ ಇದೇ ಸೂಟ್‌ಕೇಸಿನಲ್ಲಿ ಹೋಗುತ್ತೆ ಅಂತ ಗೋಗರೆದರು.

"ಹೋಗಲಿ ಬಿಡ್ರೀ. ಈ ಮನೆಯ ಉಪ್ಪು ತಿಂದು ನನಗೇ ಹೋಗು ಅನ್ನೋನು ನನಗೆ ಬೇಡ."

ಫೋರ್‌ಮನ್ ಕೈ ತಾನಾಗಿ ಅಂಗಿಯ ಜೇಬಿನ ಮೇಲೆ ಹೋಯಿತು. ಅಷ್ಟರಲ್ಲಿ ಕಾಲೇಜಿಗೆ ಹೋಗುವ ಮಗಳು ಪುಸ್ತಕದ ಕೊನೆಯಲ್ಲಿದ್ದ ಪದಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಬಂದು, ಮೆಲ್ಲಗೆ ಅಂದಳು:

"ಅಮ್ಮಾ, ಸಾಲ್ ಅಂದ್ರೆ ಹೊರಗೆ ಹೋಗು ಅಂತಾನೂ ಹೌದು. ಉಪ್ಪು ಅಂತಾನೂ ಹೌದು."

ಸಿಟ್ಟು ಇಳಿಯಬೇಕಾಗಿತ್ತು. ಇಳಿಯಲಿಲ್ಲ, ಇನ್ನೊಂದು ಮೆಟ್ಟಿಲು ಹತ್ತಿತು. ಮನೆಯಿಂದ ಹೋಗು ಅಂದಿದ್ದರೆ ಕ್ಷಮಿಸಬಹುದಿತ್ತೇನೋ. ನನ್ನ ಅಡುಗೆಗೆ ಉಪ್ಪು ಸಾಲದು ಅಂದನೇ? ಕಣ್ಣಳತೆಯಲ್ಲೇ ಉಪ್ಪು ಹಾಕುವ ಕೈ ಇದು. ರುಚಿ ನೋಡುವುದು ಕೈಲಾಗದವರ ಕೆಲಸ. ಇಷ್ಟು ವರ್ಷ ತಿಂದವರಲ್ಲಿ ಒಬ್ಬರಾದರೂ ತುಟಿ ಪಿಟಕ್ ಅಂದಿದ್ದಾರೆಯೇ? ಮೇಡಂ ಇದನ್ನೆಲ್ಲ ಬೀದಿಗೇ ಕೇಳುವ ಹಾಗೆ ಕೇಳಿದರು.

ಫೋರ್‌ಮನ್ ಅತಿಥಿಯ ಮುಖ ನೋಡಿದರು, ಬೀದಿಯಲ್ಲಿದ್ದ ಸೂಟ್‌ಕೇಸ್ ನೋಡಿದರು, ನಾಳೆಯ ಭಟ್ಟಿಯನ್ನು ನೆನೆದರು. ಆಮೇಲೆ ಅಂಗಿಯ ಜೇಬಿನಿಂದ ಕಾಗದದ ಸಣ್ಣ ಪೊಟ್ಟಣವೊಂದನ್ನು ತೆಗೆದು, ಬಿಚ್ಚಿ, ಅವನ ತಟ್ಟೆಯ ಪಕ್ಕದಲ್ಲಿಟ್ಟರು. ಅದರಲ್ಲಿ ಉಪ್ಪಿತ್ತು.

ಅಪ್ಪ ಸಿಕ್ಕಿಬಿದ್ದ ಮೇಲೆ ತಾನೊಬ್ಬಳು ಯಾಕೆ ಅನ್ನಿಸಿತೋ ಏನೋ, ಮಗಳೂ ಪೆನ್ಸಿಲ್ ಡಬ್ಬಿ ತೆರೆದು ರಬ್ಬರಿನ ಕೆಳಗಿಂದ ಚಿಟಿಕೆಯಷ್ಟು ತೆಗೆದು ಅವನಿಗೆ ಕೊಟ್ಟಳು. ಅತ್ತೆ ಸೊಂಟದಿಂದ ನಶ್ಯದ ಡಬ್ಬಿ ತೆಗೆದು ತಮ್ಮ ಅನ್ನದ ಮೇಲೆ ನಿಧಾನವಾಗಿ ಉದುರಿಸಿಕೊಂಡರು. ಅವರು ನಶ್ಯ ಬಿಟ್ಟು ಹದಿನೆಂಟು ವರ್ಷವಾಗಿತ್ತು.

"ಎಷ್ಟು ವರ್ಷದಿಂದ?" ಮೇಡಂ ಗಂಡನ ಕಡೆ ತಿರುಗಿದರು.

"ಮದುವೆಯಾದ ಎರಡನೇ ವಾರದಿಂದ."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಬನ್ನಿ ಅಂದೆ, ಕೂರಿ ಅಂದೆ, ತಿನ್ನಿ ಅಂದೆ," ಫೋರ್‌ಮನ್ ನೆಲ ನೋಡುತ್ತ ಅಂದರು. "ಹೇಳಿ ಅಂತ ಯಾವತ್ತೂ ಅನ್ನಲಿಲ್ಲವಲ್ಲ ಕಣೇ."

ಅಷ್ಟರಲ್ಲಿ ಅತಿಥಿ ತಟ್ಟೆ ಖಾಲಿ ಮಾಡಿ ಮತ್ತೆ ಬಡಿಸಿಕೊಂಡಿದ್ದ. ಸೂಟ್‌ಕೇಸ್ ಅಲ್ಲೇ ಬಿಡುವ ಹಾಗಿರಲಿಲ್ಲ. ಎದುರುಮನೆಯ ಕಿಟಕಿಯಲ್ಲಿ ಈಗ ಮೂರು ತಲೆಗಳಿದ್ದವು. ಸಹಾಯಕ್ಕೆ ಬಂದ ಗಂಡನನ್ನು ಕಣ್ಣಲ್ಲೇ ತಡೆದು, ಮೇಡಂ ಒಬ್ಬರೇ ಸ್ಪ್ಯಾನರುಗಳ ಭಾರವನ್ನೆಲ್ಲ ಹೊತ್ತು ಮಹಡಿಗೆ ಮುಟ್ಟಿಸಿ, ಏದುಸಿರು ಬಿಡುತ್ತ ಕೆಳಗಿಳಿದರು. ಅವರು ಊಟ ಮಾಡುತ್ತಿದ್ದದ್ದು ಯಾವಾಗಲೂ ಎಲ್ಲರದೂ ಮುಗಿದ ಮೇಲೆ, ಅಡುಗೆಮನೆಯಲ್ಲಿ ನಿಂತುಕೊಂಡೇ, ಉಪ್ಪಿನಕಾಯಿ ಜಾಡಿ ಪಕ್ಕದಲ್ಲಿಟ್ಟುಕೊಂಡು. ಇವತ್ತು ಹಟಕ್ಕೆ ಬಿದ್ದು ಎಲ್ಲರ ನಡುವೆ, ಜಾಡಿ ಇಲ್ಲದೆ ಕೂತರು. ನೋಡೇಬಿಡೋಣ ಅಂತ ದೊಡ್ಡ ತುತ್ತನ್ನೇ ಬಾಯಿಗಿಟ್ಟರು.

ಅಗಿದರು. ಇನ್ನೂ ಸ್ವಲ್ಪ ಅಗಿದರು. ಬದನೆಕಾಯಿಯ ಮೇಲೆ ಸಿಟ್ಟು ಬಂತು, ತಂದ ಗಂಡನ ಮೇಲೆ ಬಂತು, ಭಟ್ಟಿಯ ಮೇಲೂ ಬಂತು. ತುತ್ತು ಮಾತ್ರ ಗಂಟಲಿನಿಂದ ಕೆಳಗಿಳಿಯಲಿಲ್ಲ. ಗಂಡನ ಪೊಟ್ಟಣ ಖಾಲಿ. ಮಗಳ ಡಬ್ಬಿಯಲ್ಲಿ ಬರೀ ರಬ್ಬರು. ಎದ್ದು ಅಡುಗೆಮನೆಗೆ ಹೋಗಿ ತರುವುದೆಂದರೆ ನಾಲ್ಕು ಜೊತೆ ಕಣ್ಣುಗಳ ಮುಂದೆ ಸೋಲು ಒಪ್ಪಿಕೊಂಡ ಹಾಗೆ. ಕೊನೆಗೆ ಮೇಡಂ ಪಕ್ಕಕ್ಕೆ ವಾಲಿ, ಯಾರಿಗೂ ಕೇಳಿಸದ ಹಾಗೆ, ಮದುವೆಯಾದಾಗಿನಿಂದ ತಾವು ಏನನ್ನೂ ಕೇಳಿರದ ಅತ್ತೆಯನ್ನು ಬಹುವಚನದಲ್ಲೇ ಕೇಳಿದರು: "ಒಂಚೂರು ಕೊಡಿ ಅತ್ತೆ."

ಅತ್ತೆ ಡಬ್ಬಿ ತೆರೆದರು. ಸೊಸೆಯ ಐದು ಬೆರಳೂ ಒಳಗಿಳಿಯುವುದನ್ನು ಕಂಡು ಚಟ್ಟನೆ ಮುಚ್ಚಳಕ್ಕೆ ಕೈ ಅಡ್ಡ ಹಿಡಿದರು.

"ಎರಡೇ ಬೆರಳಲ್ಲಿ ತಗೋ. ತಿಂಗಳ ಕೊನೆವರೆಗೂ ನನಗೆ ಇದೇ ಆಗಬೇಕು."