ನಮ್ಮತ್ತೆಯ ಹಾವುಗಳೂ ನನ್ನ ಸ್ಕೂಟರೂ

ನಮ್ಮ ಸೋದರತ್ತೆಯ ಲೆಕ್ಕದಲ್ಲಿ ಪ್ರಪಂಚದಲ್ಲಿರುವುದು ಎರಡೇ ಬಗೆಯ ಜನ: ಮನೆಗೆ ಹಾವು ಬಂದವರು, ಇನ್ನೂ ಬರದಿರುವವರು. ಎರಡನೆಯ ಬಗೆಯವರಲ್ಲಿ ಅವರಿಗೆ ಹೇಳಿಕೊಳ್ಳುವಂಥ ಆಸಕ್ತಿಯಿಲ್ಲ. ನಾನೂ ಎರಡನೆಯ ಬಗೆಯವನೇ. ಆದರೆ ನನ್ನ ಹತ್ತಿರ ಒಂದು ಸ್ಕೂಟರ್ ಇದೆ.

ಅತ್ತೆಯವರದು ಮೂಡಲಪಾಳ್ಯದ ಹಳೆಯ ಒಕ್ಕಲು ಮನೆ. ರಾಗಿ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ಮಹಡಿ ಮನೆಗಳಾಗಿ ಎಷ್ಟೋ ಕಾಲವಾಯಿತು. ಅವರ ವಯಸ್ಸಿನ ಹೆಂಗಸರು ಭಜನೆಗೆ, ಪಾರ್ಕಿಗೆ, ಹೆಚ್ಚೆಂದರೆ ಕಾಶಿಗೆ ಹೋಗುತ್ತಾರೆ. ಇವರು ಹಾವು ಹಿಡಿಯುವ ತರಬೇತಿಗೆ ಹೋದರು. ಕೊಕ್ಕೆ ಕಟ್ಟಿದ ಕೋಲು, ಒಂದು ಪ್ಲಾಸ್ಟಿಕ್ ಪೈಪು, ಅದರ ಬಾಯಿಗೆ ಸಿಕ್ಕಿಸುವ ಬಟ್ಟೆಯ ಚೀಲ. ಇಷ್ಟೇ ಅವರ ಆಸ್ತಿ. "ಹಾವು ಹಿಡಿಯೋದು ಅಂದ್ರೆ ಕತ್ತು ಹಿಡಿಯೋದಲ್ಲ ಕಣೋ. ಕತ್ತಲೆ ತೋರಿಸಬೇಕು. ಪಾಪದ್ದು, ಅದೇ ಒಳಕ್ಕೆ ಹೋಯ್ತದೆ," ಎನ್ನುತ್ತಾರೆ. ಆ ಪಾಪದ ಪ್ರಾಣಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕಾಡಿನ ಅಂಚಿನವರೆಗೆ ಹೋಗುವವನ ಪಾಡು ಏನೆಂದು ಮಾತ್ರ ಯಾವ ತರಬೇತಿಯಲ್ಲೂ ಹೇಳಿಕೊಟ್ಟಂತಿಲ್ಲ.

ಫೋನು ಬರುವುದಕ್ಕೆ ಹೊತ್ತುಗೊತ್ತಿಲ್ಲ. ಒಮ್ಮೆ ಕ್ಷೌರದಂಗಡಿಯಲ್ಲಿ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದೆ.

"ಬಾ, ಅನ್ನಪೂರ್ಣೇಶ್ವರಿ ನಗರದಲ್ಲಿ ನಾಗರಹಾವು ಐತೆ."

"ಅತ್ತೆ, ಅರ್ಧ ಗಡ್ಡ ಆಗಿದೆ."

"ಹಾವು ನಿನ್ನ ಗಡ್ಡ ನೋಡಲ್ಲ. ಬಾ."

ಅರ್ಧ ಗಡ್ಡದಲ್ಲೇ ಹೋದೆ. ಹೊಸ ಮನೆ, ಹೊಳೆಯುವ ಗ್ರಾನೈಟು, ಬಾಗಿಲಲ್ಲಿ ಚಪ್ಪಲಿ ಗೂಡು. ಗೂಡಿನ ಕೆಳಗಿನ ಅಂತಸ್ತಿನಲ್ಲಿ ಹಾವು. ಮನೆಯ ಯಜಮಾನರು ಊಟದ ಮೇಜಿನ ಮೇಲೆ ನಿಂತಿದ್ದರು. ಫ್ಯಾನಿಗೆ ತಲೆ ತಗಲದಂತೆ ಕತ್ತು ವಾರೆ ಮಾಡಿಕೊಂಡು, "ಆಂಟಿ, ಇದೇನಾದ್ರೂ ದೋಷಾನಾ? ಹಾಲಿಡ್ಬೇಕಾ?" ಎಂದರು.

"ಅದು ಹಾಲು ಕುಡಿಯಲ್ಲ. ಇಲಿ ತಿನ್ತದೆ. ಹಿತ್ತಲಲ್ಲಿ ಕಸ ಹಾಕಿದೀರ, ಕಸಕ್ಕೆ ಇಲಿ ಬಂತು, ಇಲಿಗೆ ಇದು ಬಂತು. ದೋಷ ಎಲ್ಲೈತೆ ನೀವೇ ನೋಡ್ಕೊಳಿ," ಎಂದ ಅತ್ತೆ, ಪೈಪನ್ನು ಗೋಡೆಗೆ ಒತ್ತಿ ಇಟ್ಟು, ಕೋಲಿನಿಂದ ಮೆಲ್ಲಗೆ ಸರಿಸುತ್ತ, ತಡವಾಗಿ ಬಂದ ಬಾಡಿಗೆದಾರನಿಗೆ ಬೈಯುವ ದನಿಯಲ್ಲಿ ಹಾವಿಗೂ ನಾಲ್ಕು ಮಾತು ಹೇಳಿದರು. ಅದು ಒಳಗೆ ಹೋಯಿತು. ಚೀಲದ ಬಾಯಿ ಕಟ್ಟಿ ಯಜಮಾನರತ್ತ ತಿರುಗಿ, "ಹಾಲು ಇದ್ರೆ ಕಾಫಿ ಮಾಡಿ," ಎಂದರು.

ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ನಮ್ಮನ್ನು ಒಬ್ಬ ಪೊಲೀಸಪ್ಪ ತಡೆದ ಕಥೆಯೂ ಇದೆ. "ಚೀಲದಲ್ಲೇನಮ್ಮ?" ಎಂದ.

"ಮಂಡಲದ ಹಾವು. ತೆಗೆದು ತೋರಿಸ್ಲಾ?"

ಅವನು ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಆಗ ಏನಿತ್ತೋ, ಕೆಂಪು ದೀಪ ಇರುವಾಗಲೇ "ಹೋಗಿ ಸಾರ್, ಹೋಗಿ" ಎಂದುಬಿಟ್ಟ. ಅಲ್ಲಿಂದಾಚೆಗೆ ಅವನು ನಮ್ಮನ್ನು ದೂರದಿಂದ ಕಂಡರೂ ಸಾಕು, ಕೈಬೀಸಿ ದಾರಿ ಬಿಡಿಸುತ್ತಿದ್ದ. ಚೀಲದಲ್ಲಿ ನುಗ್ಗೆಕಾಯಿ ಇದ್ದ ದಿನವೂ ಅತ್ತೆ ಅವನ ನಂಬಿಕೆಯನ್ನು ಕೆಡಿಸಲು ಹೋಗಲಿಲ್ಲ.

ಇನ್ನು ಹಾವಲ್ಲದ ಹಾವುಗಳು. ಬಿನ್ನಿಪೇಟೆಯ ಅಪಾರ್ಟ್‌ಮೆಂಟೊಂದರಲ್ಲಿ ಸೋಫಾದ ಕೆಳಗೆ ಬುಸುಗುಟ್ಟುತ್ತಿದ್ದದ್ದು ಕಸ ಗುಡಿಸುವ ಯಂತ್ರದ ಕೊಳವೆ. ರಾಜಾಜಿನಗರದಲ್ಲಿ ಒಬ್ಬ ನಿವೃತ್ತ ಮೇಷ್ಟರು ಬಚ್ಚಲಿನ ಬಾಗಿಲನ್ನು ಹೊರಗಿನಿಂದ ಹಾಕಿ ಕಾವಲು ಕಾದದ್ದು ತಮ್ಮದೇ ಸೊಂಟದ ಬೆಲ್ಟಿಗೆ. ಬಿಸಿಲಿನಲ್ಲಿ ಅಷ್ಟು ದೂರ ಹೋಗಿ, ನಡು ಹಿಡಿದುಕೊಂಡು ಮಹಡಿ ಹತ್ತಿ ಬೆಲ್ಟನ್ನು ನೋಡಿದಾಗ ನನಗೆ ನಗುವುದಕ್ಕೂ ತ್ರಾಣವಿರಲಿಲ್ಲ. ಅತ್ತೆ ಮಾತ್ರ ಮೇಷ್ಟರಿಗೆ, "ಪರವಾಗಿಲ್ಲ, ನೋಡ್ದೆ ಕೈ ಹಾಕೋದಕ್ಕಿಂತ ಇದೇ ವಾಸಿ," ಎಂದು ಸಮಾಧಾನ ಹೇಳಿದರು. ನನಗೆ ಯಾರು ಸಮಾಧಾನ ಹೇಳಬೇಕು?

ಕಳೆದ ಬೇಸಿಗೆಯ ಒಂದು ಬೆಳಗ್ಗೆ ಕರೆ ಬಂದದ್ದು ಮೂಡಲಪಾಳ್ಯದಿಂದಲೇ. ಕಟ್ಟುತ್ತಿದ್ದ ಮನೆಯೊಂದರ ಮುಂದೆ ಸಿಮೆಂಟ್ ಇಟ್ಟಿಗೆಯ ರಾಶಿ. ಅದರ ಸಂದಿಯಲ್ಲಿ ಕೊಳಕುಮಂಡಲ. ಅತ್ತೆ ಎಲ್ಲರನ್ನೂ ದೂರ ನಿಲ್ಲಿಸಿ ಪೈಪು ಇಡುವ ಜಾಗ ನೋಡುತ್ತಿದ್ದರು. ಅಷ್ಟರಲ್ಲಿ ಮೊಬೈಲು ಹಿಡಿದ ಒಬ್ಬ ಆಸಾಮಿ ವಿಡಿಯೋ ಚೆನ್ನಾಗಿ ಬರಲೆಂದು ಇಟ್ಟಿಗೆಯ ಮೇಲೇ ಹತ್ತಿದ. ರಾಶಿ ಅಲುಗಿತು. ಅತ್ತೆ ಅವನ ಅಂಗಿ ಹಿಡಿದು ಹಿಂದಕ್ಕೆಳೆದರು. ಅವನು ಉಳಿದ. ಅತ್ತೆಯ ಇನ್ನೊಂದು ಕೈ ಆಸರೆಗೆಂದು ಇಟ್ಟಿಗೆಯ ಮೇಲೆ ಊರಿಕೊಂಡಿತ್ತು.

"ಕಚ್ತು," ಎಂದರು. ಹಾಲು ಉಕ್ಕಿತು ಎನ್ನುವ ಹಾಗೆ.

ಸೇರಿದ್ದವರೆಲ್ಲ ಒಮ್ಮೆಗೇ ವೈದ್ಯರಾದರು. ಒಬ್ಬರು ಹಗ್ಗ ಬಿಗಿಯಿರಿ ಎಂದರು, ಇನ್ನೊಬ್ಬರು ಬ್ಲೇಡು ಎಂದರು, ಮತ್ತೊಬ್ಬರಿಗೆ ಮಂತ್ರ ಹಾಕುವವರು ಗೊತ್ತಿದ್ದರು. ಮೇಸ್ತ್ರಿ ದೊಡ್ಡ ಕಲ್ಲೊಂದನ್ನು ಎತ್ತಿಕೊಂಡು ಹಾವಿನತ್ತ ಹೊರಟ.

"ಹಗ್ಗನೂ ಬೇಡ, ಬ್ಲೇಡೂ ಬೇಡ. ಆಟೋ ಕರೀರಿ," ಎಂದ ಅತ್ತೆ ಕೈ ಊದುವ ಮೊದಲೇ ಬಳೆ, ಉಂಗುರ ತೆಗೆದು ನನ್ನ ಜೇಬಿಗೆ ಹಾಕಿದರು. ಆಮೇಲೆ ಮೇಸ್ತ್ರಿಗೆ, "ಆ ಕಲ್ಲು ಕೆಳಕ್ಕಿಡೋವರ್ಗೂ ನಾನು ಆಟೋ ಹತ್ತಲ್ಲ," ಎಂದರು.

ನಾನು ಮೇಸ್ತ್ರಿಗೆ ಕೈ ಮುಗಿದೆ. ಕಲ್ಲು ಕೆಳಗಿಳಿಯಿತು. ಅರಣ್ಯ ಇಲಾಖೆಯವರಿಗೆ ಫೋನು ಮಾಡುವ ಕೆಲಸವನ್ನು, ಅವರು ಬರುವವರೆಗೆ ಜನರನ್ನು ದೂರವಿಡುವ ಕೆಲಸವನ್ನು ಅತ್ತೆ ಆ ವಿಡಿಯೋದವನಿಗೇ ವಹಿಸಿದರು. ಅವನು ಅಳುತ್ತಲೇ ಒಪ್ಪಿಕೊಂಡ.

ಆಟೋದಲ್ಲಿ ಅತ್ತೆ ಕೈ ಅಲುಗಿಸದೆ, ಕಣ್ಣು ಮುಚ್ಚಿ ನನಗೆ ಒರಗಿದ್ದರು. ಕೈ ನೋಡನೋಡುತ್ತಲೇ ಊದುತ್ತಿತ್ತು. ಆಟೋದವನು ಅದೇ ಬೀದಿಯ ಸ್ಟ್ಯಾಂಡಿನವನು. ಹೆದರಿಕೆಗೆ ಒಂದೇ ಸಮನೆ ಮಾತಾಡುತ್ತಿದ್ದ.

"ಎಷ್ಟು ಸಲ ಹೇಳಿದೀವಿ ಸಾರ್ ಅಮ್ಮಂಗೆ. ಹಾವು ಹಿಡಿಯಕ್ಕೆ ಹೋಗೋವಾಗ ನಮ್ಮನ್ನ ಕರೀರಿ, ಸ್ಟ್ಯಾಂಡಲ್ಲಿ ಯಾರಾದ್ರೂ ಒಬ್ರು ಬರ್ತೀವಿ ಅಂತ. ಒಂದ್ಸಲನೂ ಕರೀಲಿಲ್ಲ. 'ಬೇಡಪ್ಪ, ನಮ್ಮಣ್ಣನ ಮಗನೇ ಬರ್ಬೇಕು' ಅಂತಾರೆ."

ನಾನೇ ಯಾಕೆ ಬರಬೇಕು? ಬೇರೆ ದಿನವಾಗಿದ್ದರೆ ಇದಕ್ಕೆ ಬೈದುಕೊಳ್ಳುತ್ತಿದ್ದೆನೇನೋ. ಅತ್ತೆಯ ಮೊದಲ ಫೋನು ಬಂದ ಕಾಲ ಆಗ ನೆನಪಾಯಿತು. ನನ್ನ ಹೆಂಡತಿ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಮಕ್ಕಳಿಲ್ಲದ ಮನೆ. ಬಂದವರೆಲ್ಲ ಸಮಾಧಾನ ಹೇಳಿ ಹೋಗಿಯಾಗಿತ್ತು. ಪೇಪರಿನವನು ಬಾಗಿಲಿಗೆ ಹಾಕಿದ ಪೇಪರುಗಳು ಹಾಗೇ ಬಿದ್ದಿರುತ್ತಿದ್ದವು. ಅತ್ತೆ ಮಾತ್ರ ಸಮಾಧಾನ ಹೇಳಲಿಲ್ಲ. ಹಾವು ಐತೆ, ಗಾಡಿ ತಗೊಂಡು ಬಾ ಎಂದಿದ್ದರು.

ಆಸ್ಪತ್ರೆಯಲ್ಲಿ ಎಲ್ಲ ಬೇಗಬೇಗ ಆಯಿತು. ಬಾಟಲಿಯಿಂದ ಔಷಧಿ ಇಳಿಯಲು ಶುರುವಾಯಿತು. ಯಾವ ಹಾವಿಗೂ ಹೆದರದ ನಮ್ಮತ್ತೆ ಸೂಜಿ ಕಂಡು ಮುಖ ತಿರುಗಿಸಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು. ಮಧ್ಯಾಹ್ನವೆಲ್ಲ ಡಾಕ್ಟರು ಬಂದು ಬಂದು ರಕ್ತ ತೆಗೆದು ನೋಡುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಸಂಜೆಗೆ, "ರಕ್ತ ಹೆಪ್ಪುಗಟ್ಟೋದು ಸರಿಹೋಗ್ತಾ ಇದೆ, ಇನ್ನು ಭಯ ಇಲ್ಲ. ಬೆರಳು ಮಾತ್ರ ಸ್ವಲ್ಪ ದಿನ ಮಡಚಕ್ಕೆ ಬರಲ್ಲ," ಎಂದರು.

ಅವರು ಹೋದ ಮೇಲೆ ನಾನು ಕೇಳಿದೆ. "ಆಟೋದವರು ಬರ್ತೀವಿ ಅಂತಿದ್ರಂತೆ. ಮತ್ತೆ ನನ್ನನ್ನ ಯಾಕೆ ಕರೀತಿದ್ರಿ ಅತ್ತೆ?"

ಅತ್ತೆ ಚಾವಣಿ ನೋಡುತ್ತ ಹೇಳಿದರು.

"ಮನೇಲಿ ನೀನೊಬ್ನೇ ಕೂತ್ಕೊಂಡು ಗೋಡೆ ನೋಡ್ತಿದ್ದೆ. ಸುಮ್ನೆ ಬಾರೋ ಅಂದ್ರೆ ಬರ್ತಿದ್ಯಾ?"

ನಾನು ಇನ್ನೊಂದು ಕೈಯಿಂದ ಅವರ ಹೊದಿಕೆ ಸರಿಮಾಡಿದೆ.

"ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು. ಕ್ಯಾಂಟೀನಿಗೆ ಹೋಗಿ ಏನಾದ್ರೂ ತಿಂದ್ಕೊಂಡು ಬಾ. ನಾನೇನು ಎಲ್ಲೂ ಹೋಗಲ್ಲ," ಎಂದು ಕಣ್ಣು ಮುಚ್ಚಿದರು.

ಅವರ ಕೈ ಇನ್ನೂ ನನ್ನ ಕೈಯಲ್ಲಿತ್ತು. ನಾನೂ ಎಲ್ಲೂ ಹೋಗಲಿಲ್ಲ.