ಓತಿಕ್ಯಾತನ ಊಟಕ್ಕೆ ಜಿರಳೆ ಸಾಕಿದ್ದು

ಶಹಾಬಾದಿನ ನಮ್ಮ ಮನೆಯಿಂದ ಕಳೆದ ಗುರುವಾರ ಒಂದು ಜಿರಳೆ ಕಾಣೆಯಾಯಿತು. ಬಣ್ಣ ಕಂದು, ಸ್ವಭಾವ ಸೌಮ್ಯ. ಮನೆಮಂದಿಯೆಲ್ಲ ಬ್ಯಾಟರಿ ಹಿಡಿದು ಹುಡುಕಿದೆವು. ಬೇರೆ ಮನೆಗಳಲ್ಲಿ ಜಿರಳೆ ಕಂಡರೆ ಗದ್ದಲ, ನಮ್ಮಲ್ಲಿ ಕಾಣದಿದ್ದರೆ. ಇಂಥವು ಇಲ್ಲಿ ಆಗುತ್ತಲೇ ಇರುತ್ತವೆ.

ಕಾರಣ ಒಂದು ಓತಿಕ್ಯಾತ. ಹೈದರಾಬಾದಿನ ಗೆಳೆಯನೊಬ್ಬ ಊರು ಬಿಡುವಾಗ ಕಾಗದಪತ್ರ ಸಮೇತ ನನಗೆ ಒಪ್ಪಿಸಿದ್ದು. ವಿದೇಶಿ ತಳಿ, ಗಲ್ಲದ ಕೆಳಗೆ ಮುಳ್ಳುಮುಳ್ಳಿನ ಗಡ್ಡ, ಇನ್ನೂ ಮರಿ. ಬಂದ ವಾರದಲ್ಲೇ ಸೊರಗಿತು. "ಇದಕ್ಕ ಜೀವಂತ ಹುಳ ಬೇಕ್ರಿ, ಇಲ್ಲಂದ್ರ ಉಳಿಯಲ್ಲ. ಮನ್ಯಾಗ ಜಿರಳಿ ಸಾಕ್ರಿ," ಎಂದರು ಪಶುವೈದ್ಯರು.

ನಮ್ಮದು ತತ್ತಿಯೂ ಹೊಸ್ತಿಲು ದಾಟದ ಲಿಂಗಾಯತರ ಮನೆ. ಅವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, "ನನ್ನ ಕಣ್ಣಮುಂದ ಕೊಲ್ಲಬ್ಯಾಡ," ಎಂದು ಪರವಾನಗಿ ಕೊಟ್ಟಳು.

೧. ಖಾಲಿ ಟ್ರೇ

ಜಿರಳೆಗಳಿಗೆ ಅಡಗಿ ಕೂರಲು ತತ್ತಿ ಇಡುವ ರಟ್ಟಿನ ಟ್ರೇ ಬೇಕು. ತತ್ತಿ ಅಂಗಡಿಗೆ ಹೋಗಿ, "ಖಾಲಿ ಟ್ರೇ ನಾಕು ಕೊಡ್ರಿ," ಎಂದೆ.

"ತತ್ತಿ ಬ್ಯಾಡೇನ್ರಿ ಸರ?"

"ಬ್ಯಾಡ. ಟ್ರೇ ಸಾಕು, ಜಿರಳಿಗಿ."

ಅಂಗಡಿಯವ ಆಚೀಚೆ ನೋಡಿ, ಟ್ರೇಗಳನ್ನು ಪೇಪರಿನಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದ. "ನಾಚಬ್ಯಾಡ್ರಿ ಸರ. ನಿಮ್ಮ ಅಣ್ಣಾರೂ ನಾಯಿಗಿ ಅಂತ ಹೇಳೇ ತತ್ತಿ ಒಯ್ತಾರ."

ಅಣ್ಣನ ಮನೆಯಲ್ಲಿ ನಾಯಿ ಇಲ್ಲ.

೨. ಟಿಕೆಟ್

ಮೊದಲ ಜಿರಳೆಗಳನ್ನು ಹೈದರಾಬಾದಿನಿಂದ ತಂದೆ; ಮನೆಯ ಜಿರಳೆಯಲ್ಲ, ಇಂಥ ಪ್ರಾಣಿಗಳ ಊಟಕ್ಕೆಂದೇ ಸಾಕುವ ಬೇರೆ ತಳಿ. ಸೇಡಂ ದಾಟುವಾಗ ತೊಡೆಯ ಮೇಲಿನ ಡಬ್ಬಿ ಬಸ್ ಕಂಡಕ್ಟರನ ಕಣ್ಣಿಗೆ ಬಿತ್ತು. "ಅದರಾಗ ಏನದರಿ?"

"ಜಿರಳಿ."

"ಕೋಳಿಗಿ ಟಿಕೆಟ್ ಅದ. ಇವಕ್ಕಿಲ್ಲ."

"ಹಂಗಾದ್ರ ಇಳಸ್ತೀರೇನು?"

ಆತ ಸೀಟಿನ ಸಂದಿಯತ್ತ ಒಮ್ಮೆ ನೋಡಿದ. "ಎಷ್ಟಂತ ಇಳಸ್ಲಿರಿ? ನಿಮ್ಮವು ಡಬ್ಬಿನ್ಯಾಗರ ಕುಂತಾವ."

೩. ವಾಪಸು

ಸುದ್ದಿ ಓಣಿಗೆ ಹಬ್ಬಿತು. ಪಕ್ಕದ ಮನೆಯ ಕಾಕು ಗಾಜಿನ ಗ್ಲಾಸನ್ನು ತಟ್ಟೆಯ ಮೇಲೆ ಬೋರಲು ಹಾಕಿಕೊಂಡು ಬಂದಳು. ಒಳಗೆ ಜಿರಳೆ.

"ನಿಮ್ಮದು ನಮ್ಮನಿಗಿ ಬಂದಿತ್ತಪಾ, ತಗೋ."

"ಇದು ನಮ್ಮದಲ್ಲ ಕಾಕು. ನಮ್ಮವು ಗಾಜು ಏರಲ್ಲ. ನೋಡು, ಇದು ಹ್ಯಾಂಗ ಏರಾಕತ್ತದ!"

"ನಿಮ್ಮನ್ಯಾಗಿದ್ದಾಗ ಏರ್ತಿರಲಿಲ್ಲ ಬಿಡು. ನಮ್ಮನಿಗಿ ಬಂದು ಕಲ್ತದ."

ಅಂದಿನಿಂದ ಓಣಿಯ ಯಾರ ಮನೆಯಲ್ಲಿ ಜಿರಳೆ ಸಿಕ್ಕರೂ ಅದನ್ನು ಗೌರವದಿಂದ ನಮ್ಮ ಮನೆಗೇ ತಲುಪಿಸುತ್ತಾರೆ.

೪. ಶ್ರಾವಣ

ಜಿರಳೆ ತಿಂದು ಓತಿಕ್ಯಾತ ಚೇತರಿಸಿಕೊಂಡಿತು, ಮೈ ತುಂಬಿಕೊಂಡು ಬೆಳೆಯಿತು. ಅಷ್ಟರಲ್ಲಿ ಶ್ರಾವಣ ಬಂತು. ಮೊದಲ ದಿನವೇ ಅವ್ವ ಜಿರಳೆ ಡಬ್ಬಿಯ ಮುಂದೆ ಕುಳಿತಳು. "ಈ ತಿಂಗಳು ಮನ್ಯಾಗ ಮಾಂಸ ನಡೆಯಂಗಿಲ್ಲ."

"ಯವ್ವಾ, ನಾವ್ಯಾರು ತಿನ್ನಾಕತ್ತೀವಿ? ಅದು ಓತಿಕ್ಯಾತ. ಶ್ರಾವಣ ಅದಕ್ಕೇನು ಗೊತ್ತು?"

"ಅದಕ್ಕ ಗೊತ್ತಿಲ್ಲ. ನಿನಗ ಗೊತ್ತದಲ್ಲ?"

"ಉಪವಾಸ ಸಾಯ್ತದವ್ವ!"

"ಯಾವ ದೇವರು ಶ್ರಾವಣದಾಗ ಉಪವಾಸ ಇದ್ದವರನ್ನ ಸಾಯಿಸ್ಯಾನ?"

ಹೀಗೆಂದು ಕುಂಬಳಕಾಯಿ ಹೆರೆದು, ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿ ಓತಿಕ್ಯಾತನ ಮುಂದೆ ಇಟ್ಟಳು. ಅದು ಒಂದು ದಿನ ಮುಖ ತಿರುವಿತು. ಎರಡನೆಯ ದಿನವೂ ತಿರುವಿತು. ಇನ್ನು ತಡೆಯಲಾರೆನೆಂದು ನಾನು ಕದ್ದು ಒಂದು ಜಿರಳೆ ಬಿಡಲು ಹೋದೆ. ನೋಡಿದರೆ ತಟ್ಟೆ ಖಾಲಿ. ಓತಿಕ್ಯಾತನ ಗಡ್ಡಕ್ಕೆ ಕುಂಬಳಕಾಯಿ ಮೆತ್ತಿತ್ತು.

ಗಾಬರಿಯಾಗಿ ವೈದ್ಯರಿಗೆ ಫೋನು ಮಾಡಿದೆ. "ದೊಡ್ಡವಾದಂಗ ಅವು ಸೊಪ್ಪಿಗೇ ತಿರುಗ್ತಾವರಿ. ಇನ್ನ ಹುಳ ಅಪರೂಪಕ್ಕ ಕೊಟ್ರ ಸಾಕು," ಎಂದರು. ಅವ್ವನಿಗೆ ತಿಳಿಸಿದೆ.

"ವಯಸ್ಸಾದಂಗ ಎಲ್ಲಾರಿಗೂ ಬುದ್ಧಿ ಬರ್ತದ," ಎಂದು ಅವಳು ಉಳಿದ ಕುಂಬಳಕಾಯಿ ಸಿಪ್ಪೆಯನ್ನು ಜಿರಳೆಗಳಿಗೆ ಹಾಕಿದಳು.

ಶ್ರಾವಣ ಮುಗಿಯಿತು. ಓತಿಕ್ಯಾತ ಆರೋಗ್ಯವಾಗಿದೆ. ಒಂದು ಡಬ್ಬಿಯಲ್ಲಿದ್ದ ಜಿರಳೆಗಳಿಗೆ ಈಗ ಆರು ಡಬ್ಬಿ.