ಹೆಂಡತಿಯ ಸಂದರ್ಶನದ ದಿನ ನಾನು ತೊಳೆದ ಕನ್ನಡಕ

ಕನ್ನಡಕ ಒರೆಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂದೇ ನಾನು ನಂಬಿದ್ದೆ. ಆ ಸೋಮವಾರ ಬೆಳಗಿನವರೆಗೆ.

ಅವತ್ತು ನನ್ನ ಹೆಂಡತಿ ಮಂಜುಳಾಗೆ ಚಾಮರಾಜನಗರದ ಒಂದು ಶಾಲೆಯಲ್ಲಿ ಟೀಚರ್ ಕೆಲಸದ ಸಂದರ್ಶನ. ಮಗಳು ಹುಟ್ಟಿದ ಮೇಲೆ ಆರು ವರ್ಷ ಮನೆಯಲ್ಲೇ ಇದ್ದವಳಿಗೆ ಬಂದ ಮೊದಲ ಕರೆ. ಹತ್ತು ಗಂಟೆಗೆ ಅಲ್ಲಿರಬೇಕು. ಗುಂಡ್ಲುಪೇಟೆಯಿಂದ ಸ್ಕೂಟರಿನಲ್ಲಿ ಕರೆದೊಯ್ಯುವ ಹೊಣೆ ನನ್ನದು. ದೃಷ್ಟಿ ನಿರ್ಮಲವಾಗಿರಲಿ ಎಂದು ಹೊರಡುವ ಮುಂಚೆ ನನ್ನ ಕನ್ನಡಕದ ಸ್ವಚ್ಛತಾ ಕಾರ್ಯ ಕೈಗೊಂಡೆ.

ನೀರಿನಲ್ಲಿ ತೊಳೆದು, ಜೊತೆಗೆ ಕೊಟ್ಟ ಮೆತ್ತನೆಯ ಬಟ್ಟೆಯಲ್ಲೇ ಒರೆಸಿ ಎಂದು ಕನ್ನಡಕದ ಅಂಗಡಿಯವರು ಹೇಳಿದ್ದರು. ಆ ಬಟ್ಟೆ ಸ್ಕೂಟರ್ ಒರೆಸಿ ಒರೆಸಿ ಎಂದೋ ಕರ್ರಗಾಗಿತ್ತು. ಉಟ್ಟಿದ್ದ ಲುಂಗಿಯ ಅಂಚಿನಲ್ಲೇ ತಿಕ್ಕಿದೆ. ಆಗಷ್ಟೇ ಅಂಗಳ ಗುಡಿಸಿದ್ದ ಧೂಳೆಲ್ಲ ಆ ಲುಂಗಿಯಲ್ಲಿತ್ತು. ಗಾಜಿನ ಮೇಲೆ ಎರಡು ಗೀರು ಬಿದ್ದವು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಪಕ್ಕದ ಮನೆಯ ಮಾದಪ್ಪಣ್ಣ ಕಾಂಪೌಂಡಿನ ಆಚೆಯಿಂದ ನೋಡಿ, "ಪೇಸ್ಟ್ ಆಕಿ ಉಜ್ಜು ಕಣ್ಲಾ, ಗೀರು ಅಂಗೇ ಒಂಟೋಯ್ತದೆ" ಅಂದ. ಹಲ್ಲಿಗೂ ತೋರದ ಶ್ರದ್ಧೆಯಿಂದ ಉಜ್ಜಿದೆ. ಆ ಎರಡು ಗೀರು ನಿಜಕ್ಕೂ ಕಾಣದಾದವು. ಗಾಜೆಲ್ಲ ಗೀರಾದ ಮೇಲೆ ಎರಡೇ ಬೇರೆಯಾಗಿ ಹೇಗೆ ಕಂಡಾವು? ಪೇಸ್ಟು ಅಂಟಿಕೊಂಡಿರಬೇಕೆಂದು ಹಂಡೆಯ ಕುದಿನೀರಿನಲ್ಲಿ ಅದ್ದಿದೆ. ಮೇಲಿನ ಲೇಪವೂ ಬಿರುಕು ಬಿಟ್ಟಿತು.

ಅಷ್ಟರಲ್ಲಿ ಮಂಜುಳಾ ಫೈಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೇಳಿದರೆ ಗಾಬರಿಯಾಗಿ ಓದಿದ್ದೆಲ್ಲ ಮರೆತಾಳು ಎಂದು ಅದನ್ನೇ ಹಾಕಿಕೊಂಡು ಹೊರಟೆ. ನಿಜ ಹೇಳಬೇಕೆಂದರೆ, ಬೈಸಿಕೊಳ್ಳಲು ಧೈರ್ಯವಿರಲಿಲ್ಲ.

ತೆರಕಣಾಂಬಿ ದಾಟುವಾಗ ಸೂರ್ಯ ನೇರ ಎದುರಿಗಿದ್ದ. ಒಂದೊಂದು ಗೀರೂ ಬೆಳಕು ಹಿಡಿದು ರಸ್ತೆಯೆಲ್ಲ ಹಾಲು ಚೆಲ್ಲಿದಂತಾಯಿತು. ಹಿಂದೆ ಲಾರಿ ಹಾರನ್ ಮಾಡಿತು. ಎಡಕ್ಕೆ ಸರಿದೆ. ಎಡಕ್ಕೆ ರಸ್ತೆಯೇ ಇರಲಿಲ್ಲ. ಚಕ್ರ ಮಣ್ಣಿಗಿಳಿದು ಹೊಯ್ದಾಡಿ ಹೇಗೋ ಮತ್ತೆ ಟಾರಿಗೆ ಹತ್ತಿತು. ಹಿಂದೆ ಕೂತಿದ್ದ ಮಂಜುಳಾ ನನ್ನ ಹೆಗಲು ಗಟ್ಟಿಯಾಗಿ ಹಿಡಿದುಕೊಂಡಳು. ನಿದ್ದೆ ಬರುತ್ತಿದೆಯಾ ಎಂದು ಕೇಳಿದಳು. ಇಲ್ಲವೆಂದೆ. ಅದೊಂದು ಮಾತು ಸತ್ಯ.

ಇನ್ನೊಂದು ಮೈಲಿ ಹೋಗಿರಬೇಕು, ಎಮ್ಮೆಯೊಂದು ಅಡ್ಡ ಮಲಗಿತ್ತು. ನಿಲ್ಲಿಸಿ ಹಾರನ್ ಹೊಡೆದೆ. ಏಳಲಿಲ್ಲ. ಮತ್ತೆ ಹೊಡೆದೆ. ಯಾಕೆ ನಿಂತಿರಿ ಎಂದಳು. ಎಮ್ಮೆ ಏಳಲಿ ಎಂದೆ.

ಮಂಜುಳಾ ಇಳಿದು ಹೋಗಿ ನೋಡಿದಳು. ರಸ್ತೆ ಬದಿಯಲ್ಲಿ ಯಾರೋ ಹುರುಳಿ ರಾಶಿಗೆ ಕಪ್ಪು ಟಾರ್ಪಾಲು ಹೊದಿಸಿದ್ದರು. ವಾಪಸು ಬಂದು ನನ್ನ ಕನ್ನಡಕ ಕಿತ್ತು ಬೆಳಕಿಗೆ ಹಿಡಿದಳು.

"ಇದ್ರಲ್ಲೇನ್ರಿ ಇಲ್ಲೀಗಂಟ ಓಡಿಸ್ಕಂಡ್ ಬಂದಿದ್ದು?"

ಅವಳು ಗಡಿಯಾರ ನೋಡಿದಳು. ಒಂಬತ್ತೂಕಾಲು. ಲೈಸೆನ್ಸ್ ಇದ್ದರೂ ಸಂತೆಯ ಆಚೆಗೆ ಎಂದೂ ಸ್ಕೂಟರ್ ಓಡಿಸದವಳು ಸೆರಗು ಸಿಕ್ಕಿಸಿ ಹ್ಯಾಂಡಲ್ ಹಿಡಿದಳು. "ಇಂದ್ಕೆ ಕೂತ್ಕಳಿ. ಉಸ್ರು ಬುಡ್ಬೇಡಿ."

ಹತ್ತಕ್ಕೆ ನಾಲ್ಕು ನಿಮಿಷ ಇರುವಾಗ ಶಾಲೆಯ ಗೇಟು ಮುಟ್ಟಿದೆವು. ಒಂದು ಗಂಟೆಯ ನಂತರ ಹೊರಬಂದು, ಬುಧವಾರದಿಂದಲೇ ಬರಲು ಹೇಳಿದ್ದಾರೆ ಎಂದಳು. ಅವಳ ಮುಖ ಹೇಗಿತ್ತೋ, ಸರಿಯಾಗಿ ಕಾಣಲಿಲ್ಲ.

ನೇರ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯವರು ಕಣ್ಣು ಪರೀಕ್ಷೆಯ ಬೋರ್ಡಿನ ಅಕ್ಷರಗಳನ್ನು ಓದಲು ಹೇಳಿದರು. ಕಳೆದುಕೊಂಡ ಮಾನವನ್ನು ಇಲ್ಲಾದರೂ ಸಂಪಾದಿಸೋಣವೆಂದು, ಕಂಡಷ್ಟನ್ನು ಗಟ್ಟಿಯಾಗಿ, ಸ್ಪಷ್ಟವಾಗಿ ಓದಿದೆ.

ಮಂಜುಳಾ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅದು ಕ್ಯಾಲೆಂಡರು ಕಣ್ರಿ. ಬೋರ್ಡು ಈ ಕಡೆ ಅದೆ."